ಸೂರಿನ ತೆರಿಗೆ ಯಾರ ತಲೆಗೆ?

ಬೆಂಗಳೂರಿನ ಹಳೆಯ ಪೇಟೆಯ ಒಂದು ಓಣಿಯಲ್ಲಿ ನಮ್ಮ ಸೋದರಮಾವನವರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ನಡೆಸಿದರು. ದೊಡ್ಡ ಅಂಗಡಿಯೇನಲ್ಲ, ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ಬಾಡಿಗೆಯ ಮಳಿಗೆ. ಬಾಗಿಲ ಬಳಿ ಕಾಗದ ಕತ್ತರಿಸುವ ಯಂತ್ರ, ಮೂಲೆಯಲ್ಲಿ ಅಂಟಿನ ಬೋಗುಣಿ, ನಡುವೆ ಚಾಪೆಯ ಮೇಲೆ ಕುಳಿತು ಹಾಳೆಗಳನ್ನು ಹೊಲಿಯುವ ಮೂವರು ಕೆಲಸಗಾರರು. ವಕೀಲರ ಕಾನೂನು ಗ್ರಂಥಗಳು, ವ್ಯಾಪಾರಿಗಳ ಲೆಕ್ಕದ ಪುಸ್ತಕಗಳು, ಕಾಲೇಜಿನ ಹುಡುಗರ ಪ್ರಬಂಧಗಳು ಅಲ್ಲಿಗೆ ಬಿಡಿ ಹಾಳೆಗಳಾಗಿ ಬಂದು, ಬೆನ್ನು ಪಡೆದು ಹೊರಬೀಳುತ್ತಿದ್ದುವು. ನಾನು ಎಂ.ಎ. ಓದುತ್ತಿದ್ದಾಗ ನನ್ನ ಹರಕು ನಿಘಂಟು ಮರುಹುಟ್ಟು ಪಡೆದದ್ದೂ ಆ ಚಾಪೆಯ ಮೇಲೆಯೇ.

೨೦೧೬ರ ಬೇಸಗೆಯ ಒಂದು ಸಂಜೆ ಕಟ್ಟಡದ ಮಾಲೀಕರು ಕೈಯಲ್ಲೊಂದು ಕಾಗದ ಹಿಡಿದು ಬಂದರು. ನಾನೂ ಅಲ್ಲಿದ್ದೆ.

“ರಾಯರೇ, ಕಾರ್ಪೊರೇಷನ್ನಿನವರು ಕಂದಾಯ ಏರಿಸಿಬಿಟ್ಟಿದ್ದಾರೆ. ನಾನೇನು ಮಾಡಲಿ ಹೇಳಿ? ಬರುವ ತಿಂಗಳಿನಿಂದ ಬಾಡಿಗೆ ಎರಡು ಸಾವಿರ ಹೆಚ್ಚಿಗೆ ಕೊಡಬೇಕಾಗುತ್ತದೆ.”

“ಈ ಮಳಿಗೆಯ ಪಾಲಿಗೆ ಕಂದಾಯ ಏರಿದ್ದು ಎಷ್ಟು, ಯಜಮಾನರೇ?”

ಮಾಲೀಕರು ಉತ್ತರ ಕೊಡಲಿಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಮುಂದಿನ ಮಳಿಗೆಗೆ ಹೋದರು. ಆ ರಾತ್ರಿ ಮಾವನವರು ಗೋಡೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಲೆಕ್ಕ ಹಾಕಿದರು. ಆ ಹಳೆಯ ಕಟ್ಟಡದಲ್ಲಿ ಅವರ ಮಳಿಗೆಯ ಪಾಲಿಗೆ ಏರಿದ ಕಂದಾಯ ಇಡೀ ವರ್ಷಕ್ಕೆ ಎರಡು ಸಾವಿರ ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಕಂದಾಯದ ಒಂದು ವರ್ಷದ ಏರಿಕೆ ಬಾಡಿಗೆಯ ಒಂದು ತಿಂಗಳಿನ ಏರಿಕೆಗೆ ಸಮನಾಗಿರಲಿಲ್ಲವೆಂದ ಮೇಲೆ ಉಳಿದ ಹನ್ನೊಂದು ತಿಂಗಳಿನದು ಯಾವ ತೆರಿಗೆ? ಮಾವನವರು ಜಗಳಕ್ಕೆ ಹೋಗುವ ಸ್ವಭಾವದವರಲ್ಲ. ಬಾಡಿಗೆ ಕೊಟ್ಟರು. ಎರಡು ತಿಂಗಳು ಕಳೆಯುವುದರೊಳಗೆ ಚಾಪೆಯ ಮೇಲಿದ್ದ ಮೂವರು ಇಬ್ಬರಾದರು. ಎಲ್ಲರಿಗಿಂತ ಕಿರಿಯವನಾಗಿದ್ದ, ಹೊಲಿಗೆಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಹುಡುಗನಿಗೆ ಬೇರೆಡೆ ಕೆಲಸ ನೋಡಿಕೊಳ್ಳೆಂದು ಹೇಳಬೇಕಾಯಿತು. “ಕೊನೆಗೆ ಬಂದವನನ್ನು ಮೊದಲು ಕಳುಹಿಸುವುದು ನ್ಯಾಯವೆಂದು ಮಾಡಿದೆ; ಆದರೆ ಅವನ ಮುಖ ನೋಡಿ ಹೇಳಲಾಗಲಿಲ್ಲ” ಎಂದು ಮಾವನವರು ಇಂದಿಗೂ ಹೇಳುತ್ತಾರೆ.

ಆ ಹುಡುಗನ ಕೆಲಸವನ್ನು ಕಿತ್ತುಕೊಂಡವರು ಯಾರು? ತೆರಿಗೆ ಹೆಚ್ಚಿಸಿದ ನಗರಸಭೆಯೇ, ಅದನ್ನು ನೆಪ ಮಾಡಿಕೊಂಡ ಮಾಲೀಕರೇ, ಭಾರ ತಾಳಲಾರದ ಮಾವನವರೇ? ನಾನು ಅರ್ಥಶಾಸ್ತ್ರದ ಅಧ್ಯಾಪಕನಲ್ಲ. ಹಳಗನ್ನಡ ಪಾಠ ಹೇಳಿ ಜೀವಿಸುವವನು. ಆದರೂ ಆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದಾಗ ತಿಳಿದುಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ತೆರುವವನು, ಹೊರುವವನು

‘ತೆರಿಗೆ’ ಎಂಬುದು ‘ತೆರು’ ಎಂಬ ಅಚ್ಚಗನ್ನಡ ಧಾತುವಿನಿಂದ ಬಂದ ಮಾತು. ನಮ್ಮ ಶಾಸನಗಳನ್ನು ಓದಿದವರಿಗೆ ಮನೆದೆರೆ, ಮಗ್ಗದೆರೆ, ಗಾಣದೆರೆ ಮುಂತಾದ ಹೆಸರುಗಳು ಅಪರಿಚಿತವಲ್ಲ. ಕೈಕಸಬಿನ ಮೇಲೂ ಸೂರಿನ ಮೇಲೂ ತೆರಿಗೆ ಹಾಕುವುದು ಇಂದು ನಿನ್ನೆಯ ಪದ್ಧತಿಯಲ್ಲ. ಮಗ್ಗದೆರೆ ಭಾರವಾದರೆ ನೇಕಾರ ಮಗ್ಗವನ್ನು ಕಳಚಿ ಹೊತ್ತು ಬೇರೆ ಸೀಮೆಗೆ ನಡೆಯುತ್ತಿದ್ದನೆಂಬುದೂ, ಅವನನ್ನು ಮರಳಿ ಕರೆಸಿಕೊಳ್ಳಲು ಅರಸರು, ನಾಯಕರು ತೆರಿಗೆಯನ್ನು ಬಿಟ್ಟುಕೊಡುತ್ತಿದ್ದರೆಂಬುದೂ ಆ ಕಲ್ಲುಗಳಿಂದಲೇ ತಿಳಿಯುತ್ತದೆ. ಮಗ್ಗ ನಡೆಯಬಲ್ಲದು, ನೆಲ ನಡೆಯಲಾರದು. ತೆರಿಗೆಯ ವಿಚಾರದಲ್ಲಿ ನೆನಪಿಡಬೇಕಾದ ಸಂಗತಿ ಇದಕ್ಕಿಂತ ದೊಡ್ಡದು ಬೇರೊಂದಿಲ್ಲವೆಂದು ನನಗೆ ಈಗ ತೋರುತ್ತದೆ.

ಆದರೆ ಇಂದಿನ ನಗರಗಳ ಕಟ್ಟಡ ಕಂದಾಯ ಆ ಮನೆದೆರೆಯ ನೇರ ಸಂತತಿಯಲ್ಲ. ಇಂಗ್ಲೆಂಡಿನಿಂದ ಹಡಗು ಹತ್ತಿ ಬಂದದ್ದು. ಒಂದು ಕಟ್ಟಡವನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತೆಂದು ಅಂದಾಜು ಮಾಡಿ, ಆ ಅಂದಾಜಿನ ಮೇಲೆ ನೂರಕ್ಕೆ ಇಷ್ಟೆಂದು ವಸೂಲು ಮಾಡುವ ಕ್ರಮ ಬ್ರಿಟಿಷರು ನಮ್ಮ ಪುರಸಭೆಗಳಿಗೆ ಬಿಟ್ಟುಹೋದ ಆಸ್ತಿ. ಬೆಂಗಳೂರಿನಲ್ಲಿ ಬಹುಕಾಲ ಈ ಅಂದಾಜು ಅಧಿಕಾರಿಯ ಕಣ್ಣಳತೆಗೆ ಬಿಟ್ಟ ವಿಷಯವಾಗಿತ್ತು. ಅದರಿಂದ ಏನೇನಾಗುತ್ತಿತ್ತೆಂಬುದನ್ನು ನಗರವಾಸಿಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ೨೦೦೦ದಲ್ಲಿ ಮಾಲೀಕನೇ ತನ್ನ ತೆರಿಗೆಯನ್ನು ಲೆಕ್ಕ ಹಾಕಿ ಘೋಷಿಸಿಕೊಳ್ಳುವ ಸ್ವಯಂ ಘೋಷಣೆಯ ಪದ್ಧತಿ ಬಂದಿತು. ೨೦೦೭ರಲ್ಲಿ ಸುತ್ತಲಿನ ಪುರಸಭೆಗಳನ್ನೂ ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದ ಮೇಲೆ, ೨೦೦೮ರಿಂದ ಚದರಡಿಯ ಲೆಕ್ಕ ಜಾರಿಗೆ ಬಂದಿತು. ನಗರವನ್ನು ‘ಎ’ಯಿಂದ ‘ಎಫ್’ವರೆಗೆ ಆರು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದು ವಲಯದಲ್ಲಿಯೂ ಚದರಡಿಗೆ ತಿಂಗಳಿಗೆ ಇಷ್ಟೆಂದು ದರ ಗೊತ್ತುಮಾಡಲಾಯಿತು.

ಲೆಕ್ಕವೆಂದರೆ ತಲೆನೋವು ಬರುವ ವಾಚಕರು ಒಂದು ಗಳಿಗೆ ತಾಳ್ಮೆ ವಹಿಸಬೇಕು. ‘ಎ’ ವಲಯದಲ್ಲಿ ೨೦೦ ಚದರಡಿಯ ಒಂದು ಸಾಧಾರಣ ಮಳಿಗೆಯಿದೆ ಎನ್ನೋಣ. ೨೦೦೮ರ ದರದಂತೆ ಅದನ್ನು ಬಾಡಿಗೆಗೆ ಕೊಟ್ಟಿದ್ದರೆ ಚದರಡಿಗೆ ೨೦ ರೂಪಾಯಿ. ವರ್ಷದಲ್ಲಿ ಎರಡು ತಿಂಗಳನ್ನು ದುರಸ್ತಿ ಮೊದಲಾದ ವೆಚ್ಚಕ್ಕೆಂದು ಬಿಟ್ಟು ಹತ್ತು ತಿಂಗಳಿಗೆ ಲೆಕ್ಕ ಹಾಕಿದರೆ ೪೦,೦೦೦ ರೂಪಾಯಿ. ವಾಸದ ಮನೆಗಾದರೆ ಅದರ ನೂರಕ್ಕೆ ೨೦, ಅಂಗಡಿ ಕಾರ್ಖಾನೆಗಳಿಗೆ ನೂರಕ್ಕೆ ೨೫ ತೆರಿಗೆ, ಅಂದರೆ ೧೦,೦೦೦. ಅದರ ಮೇಲೆ ನೂರಕ್ಕೆ ೨೪ರಂತೆ ಉಪಕರ. ಒಟ್ಟು ೧೨,೪೦೦ ರೂಪಾಯಿ. ಕಟ್ಟಡ ಹಳೆಯದಾದಷ್ಟೂ ಸವಕಳಿಯ ರಿಯಾಯಿತಿ ಉಂಟು. ಲೆಕ್ಕ ಸರಳವಾಗಲೆಂದು ಅದನ್ನು ಇಲ್ಲಿ ಬಿಟ್ಟಿದ್ದೇನೆ. ೨೦೧೬ರಲ್ಲಿ ವಾಣಿಜ್ಯ ಕಟ್ಟಡಗಳ ಈ ದರ ನೂರಕ್ಕೆ ೨೫ರಷ್ಟು ಏರಿತು. ನಮ್ಮ ಮಾವನವರ ಮಾಲೀಕರು ಹಿಡಿದು ತಂದದ್ದು ಆ ಏರಿಕೆಯ ಕಾಗದವನ್ನು.

ಇದೇ ಮಳಿಗೆಯಲ್ಲಿ ಮಾಲೀಕನೇ ಕುಳಿತು ವ್ಯಾಪಾರ ಮಾಡುತ್ತಿದ್ದರೆ? ಆಗ ಚದರಡಿಗೆ ೨೦ರ ಬದಲು ೧೦ ರೂಪಾಯಿ, ತೆರಿಗೆಯೂ ಅರ್ಧ. ಅದೇ ಗೋಡೆ, ಅದೇ ಸೂರು, ಅದೇ ಓಣಿಯ ಅದೇ ಚರಂಡಿ. ಸ್ವಂತದವನಿಗೆ ೬,೨೦೦, ಬಾಡಿಗೆಯವನಿದ್ದರೆ ೧೨,೪೦೦. ಮಾಲೀಕನಿಗೆ ಬಾಡಿಗೆಯ ಆದಾಯವಿದೆ, ಆದುದರಿಂದ ಅವನು ಹೆಚ್ಚು ಕೊಡಲಿ ಎಂಬುದು ಇದನ್ನು ಮಾಡಿದವರ ತರ್ಕ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹಳೆಯ ಪೇಟೆಗಳಲ್ಲಿ ಸ್ವಂತ ಮಳಿಗೆಯುಳ್ಳವನು ಸಾಮಾನ್ಯವಾಗಿ ಹಣವಂತ, ಬಾಡಿಗೆಯವನು ಕೈಕಸಬಿನವನು. ಹಾಗಿರುವಲ್ಲಿ ತೆರಿಗೆಯನ್ನು ತೆರುವವನ ಹೆಸರು ರಸೀದಿಯಲ್ಲಿರುತ್ತದೆ. ಹೊರುವವನ ಹೆಸರು ಎಲ್ಲಿಯೂ ಇರುವುದಿಲ್ಲ.

ಒಂದು ಮಾತನ್ನು ಮಾಲೀಕರ ಪಕ್ಷವಾಗಿಯೂ ಹೇಳಬೇಕು. ಪೇಟೆ ತಾಳುವಷ್ಟು ಬಾಡಿಗೆಯನ್ನು ಮೊದಲೇ ವಸೂಲು ಮಾಡುತ್ತಿರುವ ಮಾಲೀಕ, ತೆರಿಗೆ ಏರಿತೆಂದು ಅದಕ್ಕಿಂತ ಹೆಚ್ಚು ವಸೂಲು ಮಾಡಲಾರ. ಮಾಡಿದರೆ ಬಾಡಿಗೆಯವನು ಪಕ್ಕದ ಓಣಿಗೆ ಹೋಗುತ್ತಾನೆ. ಆಗ ಏರಿಕೆ ಮಾಲೀಕನ ಜೇಬಿನಿಂದಲೇ ಹೋಗಬೇಕು. ನೆಲದ ಬಾಡಿಗೆಯ ಮೇಲಿನ ತೆರಿಗೆ ನೆಲದ ಒಡೆಯನ ಮೇಲೆಯೇ ಬೀಳುತ್ತದೆಂದು ಆಡಮ್ ಸ್ಮಿತ್ ೧೭೭೬ರಷ್ಟು ಹಿಂದೆಯೇ ವಾದಿಸಿದ್ದ. ಆದರೆ ನಮ್ಮ ಮಾವನವರಂಥ ಹಳೆಯ ಬಾಡಿಗೆದಾರರು ಕೊಡುತ್ತಿದ್ದುದು ಪೇಟೆ ತಾಳುವುದಕ್ಕಿಂತ ಎಷ್ಟೋ ಕಡಮೆಯ, ಮುಖದಾಕ್ಷಿಣ್ಯದ ಬಾಡಿಗೆ. ಅದನ್ನು ಏರಿಸಲು ಮಾಲೀಕರಿಗೆ ಬೇಕಾಗಿದ್ದದ್ದು ಕಾರಣವಲ್ಲ, ಬಾಯಿ. ಕಂದಾಯದ ಕಾಗದ ಆ ಬಾಯಿಯನ್ನು ಕೊಟ್ಟಿತು.

ಪಾಪ್ಲರಿನ ಮೂವತ್ತು ಮಂದಿ

ಈ ತೆರಿಗೆಯ ತವರುಮನೆಯಲ್ಲಿ ಅದು ಏನೇನು ಮಾಡಿತೆಂಬುದನ್ನು ನೋಡಿದರೆ ನಮ್ಮ ಪಾಡು ಹೆಚ್ಚು ಸ್ಪಷ್ಟವಾಗುತ್ತದೆ. ೧೬೦೧ರಲ್ಲಿ, ಎಲಿಜಬೆತ್ ರಾಣಿಯ ಆಳ್ವಿಕೆಯ ಕೊನೆಗಾಲದಲ್ಲಿ, ಇಂಗ್ಲೆಂಡಿನಲ್ಲಿ ಬಡವರ ಕಾಯಿದೆಯೊಂದಾಯಿತು. ಆಯಾ ಊರಿನ ಬಡವರನ್ನು ಆಯಾ ಊರೇ ಸಾಕಬೇಕು. ಅದಕ್ಕೆ ಬೇಕಾದ ಹಣವನ್ನು ಅಲ್ಲಿಯ ನೆಲ ಮನೆಗಳನ್ನು ಅನುಭವಿಸುತ್ತಿರುವವರಿಂದ ಎತ್ತಬೇಕು. ‘ರೇಟ್ಸ್’ ಎಂಬ ಆ ತೆರಿಗೆ ಹುಟ್ಟಿದ್ದು ಹೀಗೆ. ನಮ್ಮಲ್ಲಿಯಂತೆ ಮಾಲೀಕನ ಮೇಲಲ್ಲ, ಕಟ್ಟಡದಲ್ಲಿ ಇರುವವನ ಮೇಲೆ ಅದನ್ನು ಹಾಕುತ್ತಿದ್ದರು. ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರಿನ ಕಂದಾಯದ ಮೇಲೆ ನೂರಕ್ಕೆ ೨೪ ಉಪಕರ ಎಂದೆನಲ್ಲ, ಅದರಲ್ಲಿ ೧೫ ಆರೋಗ್ಯಕ್ಕೆ, ೬ ಗ್ರಂಥಾಲಯಕ್ಕೆ. ಉಳಿದ ೩ರ ಹೆಸರು ಭಿಕ್ಷುಕರ ಕರ. ನಾಲ್ಕು ನೂರು ವರ್ಷಗಳ ಹಿಂದಿನ ಆ ರಾಣಿಯ ಕಾಯಿದೆಯ ನೆರಳು ನಮ್ಮ ರಸೀದಿಯ ತಳದಲ್ಲಿ ಇಂದಿಗೂ ಕುಳಿತಿರುವಂತೆ ನನಗೆ ಕಾಣುತ್ತದೆ.

ಊರಿನ ಬಡವರನ್ನು ಊರೇ ಸಾಕಬೇಕೆಂಬುದು ಹಳ್ಳಿಗಳ ಕಾಲಕ್ಕೆ ಸರಿಯಾಗಿತ್ತು. ಬಡವರೆಲ್ಲ ಒಂದು ಕಡೆ, ಹಣವಂತರೆಲ್ಲ ಇನ್ನೊಂದು ಕಡೆ ವಾಸಿಸುವ ಮಹಾನಗರಗಳು ಬೆಳೆದ ಮೇಲೆ ಅದು ವಿಪರೀತಕ್ಕಿಟ್ಟುಕೊಂಡಿತು. ಲಂಡನ್ನಿನ ಪೂರ್ವದ ಅಂಚಿನಲ್ಲಿ ಪಾಪ್ಲರ್ ಎಂಬ ಬಡಾವಣೆ. ಹಡಗುಕಟ್ಟೆಯಲ್ಲಿ ದಿನಗೂಲಿ ಸಿಕ್ಕಿದರೆ ಊಟ, ಇಲ್ಲದಿದ್ದರೆ ಇಲ್ಲ ಎಂಬಂಥ ಜನರ ನೆಲೆ. ಅದಕ್ಕೂ ಪಶ್ಚಿಮದ ವೆಸ್ಟ್‌ಮಿನ್‌ಸ್ಟರಿಗೂ ಇದ್ದ ಅಂತರವನ್ನು ಒಂದೇ ಲೆಕ್ಕದಿಂದ ಹೇಳಬಹುದು. ಕಟ್ಟಡಗಳ ವಾರ್ಷಿಕ ಮೌಲ್ಯದ ಪೌಂಡೊಂದಕ್ಕೆ ಒಂದು ಪೆನ್ನಿಯಂತೆ ತೆರಿಗೆ ಹಾಕಿದರೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಸುಮಾರು ಮೂವತ್ತು ಸಾವಿರ ಪೌಂಡು ಹುಟ್ಟುತ್ತಿತ್ತು. ಪಾಪ್ಲರಿನಲ್ಲಿ ನಾಲ್ಕು ಸಾವಿರವೂ ಹುಟ್ಟುತ್ತಿರಲಿಲ್ಲ. ನಿರುದ್ಯೋಗಿಗಳಾದರೋ ಇದ್ದದ್ದು ಪಾಪ್ಲರಿನಲ್ಲಿ. ಆದುದರಿಂದ ಎಲ್ಲಿ ಕೆಲಸವಿಲ್ಲವೋ ಅಲ್ಲಿಯ ಅಂಗಡಿ ಕಾರ್ಖಾನೆಗಳ ಮೇಲೆಯೇ ಭಾರವಾದ ತೆರಿಗೆ. ಭಾರವಾದ ತೆರಿಗೆ ಇರುವಲ್ಲಿಗೆ ಹೊಸ ಕಾರ್ಖಾನೆ ಏಕೆ ಬಂದೀತು? ಹೊಸ ಕಾರ್ಖಾನೆ ಬಾರದಿದ್ದರೆ ಕೆಲಸವೆಲ್ಲಿಂದ ಹುಟ್ಟೀತು? ಗಾಣದ ಎತ್ತಿನಂತೆ ಸುತ್ತುವ ಈ ಚಕ್ರದೊಳಗೆ ಪಾಪ್ಲರ್ ಸಿಕ್ಕಿಕೊಂಡಿತ್ತು.

೧೯೨೧ರಲ್ಲಿ ಅಲ್ಲಿಯ ನಗರಸಭೆ ಒಂದು ಸಾಹಸಕ್ಕೆ ಕೈಹಾಕಿತು. ತನ್ನ ಜನರಿಂದ ವಸೂಲು ಮಾಡಿ ಇಡೀ ಲಂಡನ್ನಿನ ಆಡಳಿತಕ್ಕೂ ಪೋಲೀಸಿಗೂ ಕೊಡಬೇಕಾಗಿದ್ದ ಪಾಲನ್ನು ವಸೂಲು ಮಾಡುವುದೇ ಇಲ್ಲವೆಂದು ನಿರ್ಣಯಿಸಿತು. ಜಾರ್ಜ್ ಲ್ಯಾನ್ಸ್‌ಬರಿ ಅವರ ಮುಂದಾಳು. ಮುಂದೆ ಲೇಬರ್ ಪಕ್ಷದ ನಾಯಕನಾದವನು. ಜುಲೈ ತಿಂಗಳಲ್ಲಿ ನಗರಸಭೆಯ ಸದಸ್ಯರು ವಾದ್ಯ ಬಾರಿಸಿಕೊಂಡು, ಬಾವುಟ ಹಿಡಿದು, ಉಚ್ಚ ನ್ಯಾಯಾಲಯಕ್ಕೆ ಮೆರವಣಿಗೆಯಲ್ಲಿ ನಡೆದರು. ಸೆಪ್ಟೆಂಬರಿನಲ್ಲಿ ಮೂವತ್ತು ಮಂದಿ ಸೆರೆಮನೆ ಸೇರಿದರು. ಗಂಡಸರು ಬ್ರಿಕ್ಸ್‌ಟನ್ ಸೆರೆಯಲ್ಲಿ, ಹೆಂಗಸರು ಹಾಲೊವೇ ಸೆರೆಯಲ್ಲಿ. ಅವರಲ್ಲೊಬ್ಬಾಕೆ ತುಂಬು ಬಸುರಿ. ನಗರಸಭೆಯ ಕಲಾಪ ಮಾತ್ರ ನಿಲ್ಲಲಿಲ್ಲ. ಹೆಂಗಸರನ್ನು ಬ್ರಿಕ್ಸ್‌ಟನ್ನಿಗೆ ಕರೆತಂದು ಸೆರೆಮನೆಯೊಳಗೇ ಸಭೆ ಸೇರಿಸುತ್ತಿದ್ದರು! ಆರು ವಾರಗಳ ತರುವಾಯ, ಅಕ್ಟೋಬರಿನಲ್ಲಿ, ಎಲ್ಲರನ್ನೂ ಬಿಡಬೇಕಾಯಿತು. ಅದೇ ವರ್ಷ ಅವಸರವಸರವಾಗಿ ಒಂದು ಶಾಸನವನ್ನು ಮಾಡಿ, ಬಡವರಿಗೆ ಕೊಡುವ ಪರಿಹಾರದ ಹೊರೆಯನ್ನು ಲಂಡನ್ನಿನ ಎಲ್ಲ ಬಡಾವಣೆಗಳೂ ಸಾಮಾನ್ಯ ನಿಧಿಯ ಮೂಲಕ ಹಂಚಿಕೊಳ್ಳುವಂತೆ ಮಾಡಿದರು. ಲ್ಯಾನ್ಸ್‌ಬರಿಯ ಸೊಸೆ ಮಿನಿ ಸೆರೆಯಿಂದ ಬಂದ ಮೇಲೆ ಕಾಯಿಲೆ ಬಿದ್ದು, ೧೯೨೨ರ ಹೊಸ ವರ್ಷದ ದಿನ ತೀರಿಕೊಂಡಳು. ಮೂವತ್ತೆರಡು ವರ್ಷದ ಹೆಣ್ಣು. ನಗರದ ಕಂದಾಯಕ್ಕಾಗಿ ಪ್ರಾಣ ತೆತ್ತವರೂ ಇದ್ದಾರೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಕಾರ್ಖಾನೆಗೆ ಮಾಫಿ, ಅಂಗಡಿಗೆ ಇಲ್ಲ

ಲಂಡನ್ನಿಗೆ ಆದದ್ದು ಕಲ್ಲಿದ್ದಲು, ಕಬ್ಬಿಣದ ಸೀಮೆಗಳಿಗೆ ಆಗಲಿಲ್ಲ. ದಕ್ಷಿಣ ವೇಲ್ಸಿನ ಮರ್ಥಿರ್ ಟಿಡ್‌ವಿಲ್ ಪಟ್ಟಣದ ಮಗ್ಗುಲಲ್ಲಿದ್ದ ಡೌಲೈಸ್ ಎಂಬಲ್ಲಿಯ ಪ್ರಸಿದ್ಧ ಉಕ್ಕಿನ ಕಾರ್ಖಾನೆ ೧೯೩೦ರಲ್ಲಿ ಬಾಗಿಲು ಹಾಕಿತು. ತೆರಿಗೆಯೇ ಅದಕ್ಕೆ ಕಾರಣವೆಂದರೆ ಸುಳ್ಳಾಗುತ್ತದೆ. ಅದಿರು ಹೊರನಾಡಿನಿಂದ ಬರತೊಡಗಿದ ಮೇಲೆ ಬೆಟ್ಟದ ಮೇಲಿನ ಕುಲುಮೆಗಿಂತ ಕಡಲ ದಂಡೆಯ ಕುಲುಮೆ ಅಗ್ಗವಾಗಿತ್ತು. ಆದರೆ ಕಾರ್ಖಾನೆ ಹೋದ ಮೇಲೆ ನಿರುದ್ಯೋಗಿಗಳ ಹೊರೆ ಊರಿನಲ್ಲಿ ಉಳಿದವರ ಮೇಲೆ ಬಿದ್ದಿತು. ಆ ದಶಕದಲ್ಲಿ ಮರ್ಥಿರಿನ ತೆರಿಗೆ ಪೌಂಡಿಗೆ ಇಪ್ಪತ್ತು ಶಿಲ್ಲಿಂಗನ್ನು ಮೀರಿತ್ತು. ಪೌಂಡಿಗೆ ಇರುವುದೇ ಇಪ್ಪತ್ತು ಶಿಲ್ಲಿಂಗು! ಅಂದರೆ ಒಂದು ಅಂಗಡಿಯ ವರ್ಷದ ಬಾಡಿಗೆಯ ಮೌಲ್ಯ ಎಷ್ಟೋ ಅದಕ್ಕಿಂತ ಹೆಚ್ಚು ತೆರಿಗೆ. ಗಿರಾಕಿಗಳ ಕೈಯಲ್ಲಿ ಕಾಸಿಲ್ಲ, ಅಂಗಡಿಯವನ ತಲೆಯ ಮೇಲೆ ಬಾಡಿಗೆಯಷ್ಟೇ ಭಾರದ ಇನ್ನೊಂದು ಬಾಡಿಗೆ. ೧೯೩೫ರಲ್ಲಿ ಆ ಊರಿನ ಸ್ಥಿತಿಯನ್ನು ವಿಚಾರಿಸುವುದಕ್ಕಾಗಿಯೇ ಒಂದು ರಾಜ ಆಯೋಗವನ್ನು ನೇಮಿಸಬೇಕಾಯಿತು.

ಸರಕಾರ ಸುಮ್ಮನೆ ಕುಳಿತಿರಲಿಲ್ಲ. ೧೯೨೮ರ ಮುಂಗಡಪತ್ರದಲ್ಲಿ ಅಂದಿನ ಹಣಕಾಸಿನ ಮಂತ್ರಿ ವಿನ್‌ಸ್ಟನ್ ಚರ್ಚಿಲ್ ಒಂದು ದೊಡ್ಡ ಯೋಜನೆಯನ್ನು ಮಂಡಿಸಿದ. ೧೯೨೯ರ ಸ್ಥಳೀಯ ಸರಕಾರದ ಕಾಯಿದೆಯಿಂದ ಅದು ಜಾರಿಗೆ ಬಂದಿತು. ಕೃಷಿಯ ನೆಲಕ್ಕೆ ಪೂರ್ತಿ ಮಾಫಿ. ಕಾರ್ಖಾನೆಗಳಿಗೆ ನೂರಕ್ಕೆ ೭೫ ಭಾಗ ಮಾಫಿ. ಪುರಸಭೆಗಳಿಗಾಗುವ ನಷ್ಟವನ್ನು ಸರಕಾರದ ಬೊಕ್ಕಸದಿಂದ ತುಂಬಿಕೊಡುವುದು. ಅದಕ್ಕಾಗಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ನಾಲ್ಕು ಪೆನ್ನಿ ಸುಂಕ. ಕಟ್ಟಡದ ಭಾರವನ್ನು ಇಳಿಸಿದರೆ ಯಂತ್ರಗಳು ತಿರುಗುತ್ತವೆ, ಕೈಗಳಿಗೆ ಕೆಲಸ ದೊರೆಯುತ್ತದೆ ಎಂಬುದು ಚರ್ಚಿಲನ ಆಶೆ.

ಆಶೆ ಎಷ್ಟು ಫಲಿಸಿತು? ಕಾಯಿದೆ ಬಂದ ವರ್ಷವೇ ಜಗತ್ತಿನ ಮಹಾಮುಗ್ಗಟ್ಟು ಆರಂಭವಾದದ್ದರಿಂದ ಬೆಂಕಿ ಬಿದ್ದ ಮನೆಯ ಮೇಲೆ ತುಂತುರು ಬಿದ್ದಂತಾಯಿತು. ಮುಳುಗುತ್ತಿದ್ದ ಗಿರಣಿಗೂ, ತುಂಬಿ ತುಳುಕುತ್ತಿದ್ದ ಮದ್ಯದ ಕಾರ್ಖಾನೆಗೂ ನೂರಕ್ಕೆ ೭೫ ಎಂಬ ಒಂದೇ ಅಳತೆ. ಗಾಯವಿದ್ದವನಿಗೂ ಇಲ್ಲದವನಿಗೂ ಒಂದೇ ಪಟ್ಟಿ ಕಟ್ಟಿದಂತಾಯಿತೆಂದು ವಿರೋಧ ಪಕ್ಷದವರು ಆಕ್ಷೇಪಿಸಿದರು, ಆಕ್ಷೇಪ ಸುಳ್ಳಾಗಿರಲಿಲ್ಲ. ಇನ್ನು ಅಂಗಡಿಗಳಿಗೆ ಕವಡೆ ಕಾಸಿನ ವಿನಾಯಿತಿಯೂ ದೊರೆಯಲಿಲ್ಲ. ಹಾಗಾದರೆ ಕಾರ್ಖಾನೆ ಯಾವುದು, ಅಂಗಡಿ ಯಾವುದು? ಹಿಂದೆ ಕುಳಿತು ವಸ್ತುವನ್ನು ತಯಾರಿಸಿ ಮುಂದೆ ಮಾರುವವನು ಎಲ್ಲಿ ಸೇರಬೇಕು? ಜೋಡು ದುರಸ್ತಿ ಮಾಡುವವನ ಮಳಿಗೆಯಂಥವುಗಳ ವ್ಯಾಜ್ಯಗಳು ದೊಡ್ಡ ದೊಡ್ಡ ನ್ಯಾಯಾಲಯಗಳ ಮೆಟ್ಟಿಲು ಹತ್ತಿದುವು. ಇದನ್ನು ಓದಿದಾಗ ನನಗೆ ಮಾವನವರ ಚಾಪೆ ನೆನಪಾಯಿತು. ಹಾಳೆ ಹೊಲಿಯುವ ಆ ಹತ್ತಡಿ ಅಗಲದ ಜಾಗ ಅಂಗಡಿಯೇ, ಕಾರ್ಖಾನೆಯೇ? ಲಂಡನ್ನಿನ ನ್ಯಾಯಾಧೀಶರೂ ತಲೆ ಕೆರೆದುಕೊಳ್ಳುತ್ತಿದ್ದರೇನೋ.

ಇನ್ನೊಂದು ಫಲವನ್ನು ಯಾರೂ ಮುಂಗಂಡಿರಲಿಲ್ಲ. ತನ್ನ ಎಲ್ಲೆಯೊಳಗಿನ ಕಾರ್ಖಾನೆ ನೂರಕ್ಕೆ ಇಪ್ಪತ್ತೈದು ಭಾಗ ಮಾತ್ರ ತೆರುತ್ತದೆ ಎಂದಾದ ಮೇಲೆ ಪುರಸಭೆಗೆ ಅದರ ಮೇಲೆ ಅಕ್ಕರೆ ಏಕಿರಬೇಕು? ಹೊಗೆ, ಲಾರಿಗಳ ಸದ್ದು, ಸವೆದ ರಸ್ತೆ ಊರಿಗೆ; ತೆರಿಗೆ ಇನ್ನಾವುದೋ ಬೊಕ್ಕಸಕ್ಕೆ. ಮಾಫಿಯೆಂಬುದು ಉದ್ಯಮಕ್ಕೂ ಊರಿಗೂ ನಡುವೆ ಇದ್ದ ನಂಟನ್ನು ಸಡಿಲಿಸಿತೆಂದೇ ನನ್ನ ಅಭಿಪ್ರಾಯ. ೧೯೫೯ರಲ್ಲಿ ಮಾಫಿ ಅರ್ಧಕ್ಕಿಳಿಯಿತು. ೧೯೬೩ರಲ್ಲಿ ಇಂಗ್ಲೆಂಡು ವೇಲ್ಸುಗಳಲ್ಲಿ ಕೊನೆಗಂಡಿತು. ೧೯೯೦ರಲ್ಲಿ ವ್ಯಾಪಾರದ ಕಟ್ಟಡಗಳ ತೆರಿಗೆಯ ದರವನ್ನು ಗೊತ್ತುಪಡಿಸುವ ಅಧಿಕಾರವನ್ನೇ ಇಂಗ್ಲೆಂಡಿನ ಪುರಸಭೆಗಳಿಂದ ಕಿತ್ತುಕೊಂಡು, ದೇಶಕ್ಕೆಲ್ಲ ಒಂದೇ ದರವನ್ನು ಮಾಡಿದರು.

ಸೂರಿನ ತೆರಿಗೆಯಿಂದ ಸೂರೇ ಹೋದ ಕಥೆಯೂ ಆ ನಾಡಿನಲ್ಲಿದೆ. ಕಳೆದ ಶತಮಾನದ ಮಧ್ಯದಲ್ಲಿ ಸ್ಕಾಟ್ಲೆಂಡಿನ ಎಷ್ಟೋ ಹಳೆಯ ಬಂಗಲೆಗಳ ಒಡೆಯರು, ಮಾಳಿಗೆಯಿಲ್ಲದ ಮನೆಗೆ ತೆರಿಗೆಯಿಲ್ಲವೆಂಬ ಕಾರಣಕ್ಕೆ ತಾವಾಗಿಯೇ ಮಾಳಿಗೆಯನ್ನು ಕಳಚಿಸಿದರು. ಗೋಡೆಗಳು ಮಳೆಗೆ ನೆನೆದು ಪಾಳುಬಿದ್ದುವು. ೨೦೦೮ರ ಏಪ್ರಿಲಿನಿಂದ ಇಂಗ್ಲೆಂಡಿನಲ್ಲಿ ಖಾಲಿ ಬಿದ್ದ ಕಾರ್ಖಾನೆ ಉಗ್ರಾಣಗಳಿಗೂ ಆರು ತಿಂಗಳ ಗಡುವಿನ ಬಳಿಕ ಪೂರ್ತಿ ತೆರಿಗೆಯನ್ನು ವಿಧಿಸಿದರು. ಖಾಲಿ ಕಟ್ಟಡಗಳನ್ನು ಹೊಸ ಉದ್ಯಮಿಗಳಿಗೆ ಅಗ್ಗವಾಗಿ ಕೊಡಲಿ ಎಂಬ ಸದುದ್ದೇಶ. ಅದೇ ವರ್ಷ ಹಣದ ಮುಗ್ಗಟ್ಟು ಬಂದಿತು. ಬಾಡಿಗೆಗೆ ಬರುವವರೇ ಇಲ್ಲ. ಕೆಲವು ಮಾಲೀಕರು ತೆರಿಗೆ ಕಟ್ಟುವುದಕ್ಕಿಂತ ಕಟ್ಟಡವನ್ನು ಕೆಡವುವುದೇ ಲೇಸೆಂದು ಕೆಡವಿದರು. ಯಂತ್ರಗಳ ಗೋಳು ಬೇರೆ. ನೆಲಕ್ಕೆ ಕೂರಿಸಿದ ಕುಲುಮೆ ಮುಂತಾದವುಗಳನ್ನೂ ಅಲ್ಲಿ ಕಟ್ಟಡದ ಮೌಲ್ಯಕ್ಕೆ ಸೇರಿಸುವುದರಿಂದ, ಹೊಸ ಯಂತ್ರವನ್ನು ಹಾಕಿದವನಿಗೆ ಹೆಚ್ಚು ತೆರಿಗೆ. ೨೦೧೬ರಲ್ಲಿ ವೇಲ್ಸಿನ ಪೋರ್ಟ್ ಟಾಲ್ಬಟ್‌ನಲ್ಲಿ, ಆಗ ನಮ್ಮ ಟಾಟಾ ಸಂಸ್ಥೆಯ ಒಡೆತನದಲ್ಲಿದ್ದ ಉಕ್ಕಿನ ಕಾರ್ಖಾನೆಯ ಸಾವಿರಾರು ಕೆಲಸಗಳು ತೂಗುಯ್ಯಾಲೆಯಲ್ಲಿದ್ದಾಗ, ಯಂತ್ರಗಳನ್ನು ಈ ತೆರಿಗೆಯಿಂದ ಬಿಡಬೇಕೆಂಬ ಕೂಗು ಬಲವಾಗಿ ಕೇಳಿಬಂದಿತು.

ಚರಂಡಿಯ ಇನ್ನೊಂದು ಮುಖ

ಇಷ್ಟನ್ನು ಓದಿದವರು, ತೆರಿಗೆಯನ್ನು ತೆಗೆದುಬಿಟ್ಟರೆ ವ್ಯಾಪಾರ ತಾನಾಗಿ ಬೆಳೆಯುತ್ತದೆಂದು ನಾನು ಹೇಳುತ್ತಿದ್ದೇನೆಂದು ತಿಳಿಯಬಾರದು. ೨೦೨೨ರ ಆಗಸ್ಟ್ ಸೆಪ್ಟೆಂಬರುಗಳಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಮಳೆ ಬಂದು ಕೆರೆಯ ನೀರು ರಸ್ತೆಗೆ ಬಿದ್ದಿತು. ಗಾಜಿನ ಗೋಡೆಯ ಕಚೇರಿಗಳಿಗೆ ಹೋಗಬೇಕಾದವರು ಟ್ರ್ಯಾಕ್ಟರುಗಳನ್ನು ಹತ್ತಿದರು. ಆಗಸ್ಟ್ ೩೦ರಂದು ಸಿಬ್ಬಂದಿಯವರು ಗಂಟೆಗಟ್ಟಲೆ ರಸ್ತೆಯಲ್ಲಿ ಸಿಕ್ಕಿಕೊಂಡದ್ದರಿಂದ ೨೨೫ ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿಯ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ಕಂದಾಯದ ದರ ನೂರಕ್ಕೆ ಎಷ್ಟೆಂದು ಆ ದಿನ ಯಾವ ಕಂಪನಿಯೂ ಕೇಳಿರಲಾರದು. ಚರಂಡಿ ಎಲ್ಲಿ ಎಂದು ಕೇಳಿರಬಹುದು. ಆ ಪ್ರದೇಶದ ಬಹುಭಾಗ ಸೇರಿದ್ದ ಮಹದೇವಪುರ ವಲಯವೇ ಪಾಲಿಕೆಯ ಎಂಟು ವಲಯಗಳಲ್ಲಿ ಅತ್ಯಂತ ಹೆಚ್ಚು ಆಸ್ತಿ ತೆರಿಗೆಯನ್ನು ತೆತ್ತುಕೊಂಡು ಬಂದದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ತೆರಿಗೆಯನ್ನು ಕೊಟ್ಟೂ ಚರಂಡಿಯಿಲ್ಲದಿದ್ದರೆ ಆ ತೆರಿಗೆ ಬರಿಯ ದಂಡ. ಚರಂಡಿ ಕಟ್ಟಿಸಿದ ತೆರಿಗೆಯನ್ನಾದರೋ ವ್ಯಾಪಾರಿ ಗೊಣಗುತ್ತಲೇ ಆದರೂ ಕಟ್ಟುತ್ತಾನೆ.

೨೦೨೫ರ ಸೆಪ್ಟೆಂಬರಿನಲ್ಲಿ ಆ ಬೃಹತ್ ಪಾಲಿಕೆ ಹೋಗಿ ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದುವು. ಮಹದೇವಪುರವೂ ಕೃಷ್ಣರಾಜಪುರವೂ ಪೂರ್ವದ ಪಾಲಿಕೆಗೆ ಸೇರಿದುವು. ತಮ್ಮ ತೆರಿಗೆ ತಮ್ಮ ಚರಂಡಿಗೇ ಹೋಗುವುದೆಂದು ಅಲ್ಲಿಯವರಿಗೆ ಸಮಾಧಾನವಾಗಿರಬಹುದು. ಅವರ ಪಾಡನ್ನು ಕಂಡವರು ಬೇಡವೆನ್ನಲಾರರು. ಆದರೆ ಗಾಜಿನ ಕಚೇರಿಗಳಿಲ್ಲದ, ಸಣ್ಣ ವರ್ಕ್‌ಶಾಪುಗಳೂ ಬಾಡಿಗೆ ಮಳಿಗೆಗಳೂ ಕಿಕ್ಕಿರಿದ ಪಾಲಿಕೆ ಅಷ್ಟೇ ಉದ್ದದ ಚರಂಡಿಯನ್ನು ಕಟ್ಟಿಸಬೇಕಾದರೆ ಏನು ಮಾಡಬೇಕು? ಅದರ ಒಂದು ಪೆನ್ನಿಗೆ ಹುಟ್ಟುವುದು ಎಷ್ಟು? ದರವನ್ನು ಏರಿಸಿದರೆ ಕಾಗದ ಹಿಡಿದ ಮಾಲೀಕರು ಮತ್ತೆ ಓಣಿಗೆ ಬರುತ್ತಾರೆ. ಏರಿಸದಿದ್ದರೆ ಮಳೆ ಬರುತ್ತದೆ. ವೆಸ್ಟ್‌ಮಿನ್‌ಸ್ಟರಿನ ಹಣದಲ್ಲಿ ಪಾಪ್ಲರಿಗೆ ಒಂದು ಪಾಲು ಸಿಕ್ಕಲು ಮೂವತ್ತು ಮಂದಿ ಸೆರೆಗೆ ಹೋಗಬೇಕಾಯಿತು. ನಮ್ಮಲ್ಲಿ ಐದೂ ಪಾಲಿಕೆಗಳ ಮೇಲೆ ಒಂದು ಪ್ರಾಧಿಕಾರವನ್ನು ಇಟ್ಟಿದ್ದಾರೆ. ಸಾಮಾನ್ಯ ನಿಧಿಯ ಮಾತನ್ನು ಅಲ್ಲಿ ಯಾರಾದರೂ ಮೊದಲಿಗೇ ಎತ್ತಿದರೆ ಒಳ್ಳೆಯದಲ್ಲವೆ?

ಇನ್ನು ಬಾಡಿಗೆಯ ಮಳಿಗೆಗೆ ಎರಡರಷ್ಟು ಎಂಬ ಲೆಕ್ಕ. ಕೈಕಸಬಿನವನು ಇರುವ ಸಣ್ಣ ಮಳಿಗೆಗಳನ್ನಾದರೂ ಆ ಲೆಕ್ಕದಿಂದ ಹೊರಗಿಟ್ಟರೆ ಯಾವ ಬೊಕ್ಕಸವೂ ಬರಿದಾಗದು. ಇದಕ್ಕೆ ಯಾರೂ ಸೆರೆಗೆ ಹೋಗಬೇಕಾದುದಿಲ್ಲ. ದರಪಟ್ಟಿಯಲ್ಲಿ ಒಂದು ಸಾಲನ್ನು ಸೇರಿಸಿದರೆ ಸಾಕು. ತೆರಿಗೆ ಎಷ್ಟು ಏರಿತೆಂಬುದನ್ನು ಬಾಡಿಗೆಯವನಿಗೂ ತಿಳಿಯುವಂತೆ ಮಳಿಗೆಯ ಬಾಗಿಲಲ್ಲಿ ಅಂಟಿಸಬೇಕೆಂಬ ನಿಯಮವೂ ಇರಲಿ. ಎಂಥ ಧೈರ್ಯಶಾಲಿ ಮಾಲೀಕನಾದರೂ ಬಾಗಿಲಲ್ಲಿ ಎರಡು ಸಾವಿರವೆಂದು ಅಂಟಿಸಿ ಇಪ್ಪತ್ತನಾಲ್ಕು ಸಾವಿರ ಕೇಳಲು ಹಿಂಜರಿದಾನು.

ಮಾವನವರ ಅಂಗಡಿ ೨೦೧೯ರವರೆಗೆ ನಡೆಯಿತು. ಆ ಬಳಿಕ ಬಾಡಿಗೆ ಮತ್ತೊಮ್ಮೆ ಏರಿತು. ಈ ಸಲ ಮಾಲೀಕರು ಕಾಗದವನ್ನೂ ತರಲಿಲ್ಲ. ಕತ್ತರಿಸುವ ಯಂತ್ರವನ್ನು ಲಗೇಜು ಆಟೋದಲ್ಲಿ ಹೇರಿಸಿಕೊಂಡು ಮಾವನವರು ನಗರದ ಹೊರವಲಯದ ತಮ್ಮ ಸ್ವಂತ ಮನೆಗೆ ತಂದು ಪಡಸಾಲೆಯಲ್ಲಿಟ್ಟರು. ಉಳಿದ ಇಬ್ಬರಲ್ಲಿ ಒಬ್ಬರು ಅಷ್ಟು ದೂರ ಬರಲಾರೆನೆಂದರು. ಇನ್ನೊಬ್ಬರು ವಾರಕ್ಕೆ ಮೂರು ದಿನ ಬರುತ್ತಾರೆ. ಹೊಲಿಗೆಯ ಹುಡುಗ ಈಗ ಒಂದು ಅಪಾರ್ಟ್‌ಮೆಂಟಿನ ಬಾಗಿಲು ಕಾಯುತ್ತಾನೆ. ಮೊದಲಿಗಿಂತ ಹೆಚ್ಚು ಸಂಬಳವೇ ಬರುತ್ತದೆಯಂತೆ. ಆದರೆ ಅವನ ಕೈಯ ಹೊಲಿಗೆ ನನ್ನ ನಿಘಂಟಿನಲ್ಲಿ ಮಾತ್ರ ಉಳಿದಿದೆ.

ಕಳೆದ ಏಪ್ರಿಲಿನಲ್ಲಿ ಕಂದಾಯದ ನಮೂನೆಯನ್ನು ತುಂಬಿಕೊಡಲು ಮಾವನವರು ನನ್ನನ್ನು ಕರೆಸಿದರು. ಆ ತಿಂಗಳೊಳಗೆ ಪೂರ್ತಿ ಕಟ್ಟಿದರೆ ನೂರಕ್ಕೆ ಐದು ಬಿಡುತ್ತಾರೆ. ಅತ್ತೆಯವರು ಕಾಫಿ ತಂದಿಟ್ಟರು. ವಾಸದ ಮನೆ, ಸ್ವಂತ ಉಪಯೋಗ ಎಂದು ನಾನು ಗುರುತು ಹಾಕಲು ಹೊರಟಾಗ ಮಾವನವರು ತಡೆದರು.

“ಇರಪ್ಪಾ. ಪಡಸಾಲೆಯಲ್ಲಿ ಯಂತ್ರವಿದೆಯಲ್ಲ, ಅದನ್ನು ಯಾವ ಕಾಲಮ್ಮಿಗೆ ಹಾಕುತ್ತೀಯೆ?”

“ಯಾರು ನೋಡಲು ಬರುತ್ತಾರೆ, ಮಾವ? ಮನೆಯೆಂದೇ ಹಾಕೋಣ.”

“ಘೋಷಣೆ ಎಂದು ಬರೆದಿದ್ದಾರಲ್ಲ ಮೇಲೆ? ಕೆಳಗೆ ನಾನು ರುಜು ಹಾಕಬೇಕಲ್ಲ?”

ಅವರು ಒಳಗೆ ಹೋಗಿ, ರಟ್ಟು ಅಳೆಯುವ ತಮ್ಮ ಹಳೆಯ ಟೇಪನ್ನು ತಂದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಯಂತ್ರವನ್ನು ಸುತ್ತುಬಳಸಿ ಅಳೆದೆವು. ಪಡಸಾಲೆ ಹದಿನಾಲ್ಕಡಿ ಉದ್ದ, ಎಂಟಡಿ ಅಗಲ ಇತ್ತು.